ಮಾವನಿಗೆ ಎಣ್ಣೆ ಗಾಡಿಯೇ ಬೇಕು

ಟಿ. ನರಸೀಪುರ
12 ಆಗಸ್ಟ್ 2024, ಸೋಮವಾರ

ಕವನ,

ಈ ಕಾಗದವನ್ನು ನಮ್ಮ ಡಿಪೊದ ಕಂಡಕ್ಟರ್ ಕೃಷ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೀಗ ಸುತ್ತೂರು ಮೇಲೆ ನಂಜನಗೂಡಿಗೆ ಹೋಗುವ ರೂಟು. ನೀನು ಶಿಫ್ಟು ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಕೊಡು ಎಂದು ಹೇಳಿದ್ದೇನೆ. ಗುರುತು ಹಿಡಿಯುವುದು ಹೇಗೆ ಎಂದ. ನಮ್ಮ ನಿಂಗರಾಜು ಭಾವನ ಮಗಳು, ಅಪ್ಪನ ಮುಖಕ್ಕೇ ಜಡೆ ಹಾಕಿದ ಹಾಗಿರುತ್ತಾಳೆ, ಮೇಲೆ ಫ್ಯಾಕ್ಟರಿಯ ನೀಲಿ ಕೋಟು ಎಂದೆ.

ಫೋನ್ ಮಾಡಬಹುದಿತ್ತು. ಆದರೆ ನಮ್ಮದು ಒಂದೇ ಹಜಾರದ ಮನೆ, ಆಡಿದ್ದೆಲ್ಲ ನಿಮ್ಮತ್ತೆಗೆ ಕೇಳಿಸುತ್ತದೆ. ಈ ವಿಷಯ ಅವಳಿಗೆ ಈಗಲೇ ಗೊತ್ತಾಗುವುದು ಬೇಡ. ನಿಮ್ಮವ್ವನಿಗೂ ಬೇಡ. ಅಕ್ಕನಿಗೆ ಹೇಳಿದರೆ ಸಂಜೆಯೊಳಗೆ ಇವಳಿಗೆ ಮುಟ್ಟುತ್ತದೆ.

ವಿಷಯ ಇಷ್ಟೇ. ನಾನೊಂದು ಬಗ್ಗಿ ಕೊಳ್ಳಬೇಕು. ಮೈಸೂರಿನ ಮಣ್ಣಿನ ಟ್ರ್ಯಾಕಿನಲ್ಲಿ ನೀನು ರಿಮೋಟು ಹಿಡಿದು ಓಡಿಸುತ್ತಿದ್ದೆಯಲ್ಲ, ಮೊಳದುದ್ದದ ಆ ರೇಸಿನ ಗಾಡಿ. ಬ್ಯಾಟರಿಯದ್ದಲ್ಲ, ನೈಟ್ರೋ ಎಣ್ಣೆ ಕುಡಿದು ಹೊಗೆ ಬಿಡುವ ಗಾಡಿ. ಭಾವನ ಜೊತೆ ಎರಡು ಸಲ ಬಂದು ನೋಡಿದ್ದೆ. ಆಗ ತಮಾಷೆ ಮಾಡಿದ್ದೆ, ಜ್ಞಾಪಕವಿದೆ. ಈಗ ಬೇಕೆನಿಸಿದೆ. ಸುಮ್ಮನೆ ಅಂಗಳದಲ್ಲಿ ಓಡಿಸುವುದಕ್ಕಲ್ಲ, ಒಂದು ರೇಸಾದರೂ ಓಡಬೇಕು. ಹೊಸಬ ಯಾವುದು ಕೊಳ್ಳಬೇಕು, ಏನು ನೋಡಿ ಕೊಳ್ಳಬೇಕು, ಬಿಡಿಸಿ ಬರಿ. ದುಡ್ಡಿನ ಯೋಚನೆ ಬೇಡ. ಬೈಕು ಮಾರಿಬಿಟ್ಟೆ. ಅದು ಸುಮ್ಮನೆ ನಿಂತಿತ್ತು.

ಇಲ್ಲಿ ಎಲ್ಲ ಹಳೆಯದೇ. ಮುಡುಕುತೊರೆ ರೂಟು, ಅದೇ ಧೂಳು, ಅದೇ ಜನ. ಸಂಜೆ ಮನೆಗೆ ಬಂದರೆ ಮಾತಾಡುವುದಕ್ಕೂ ಬೇಜಾರು.

ನಿನ್ನ ಮಾವ,
ಸಿದ್ದರಾಜು


ನಂಜನಗೂಡು
29 ಆಗಸ್ಟ್ 2024

ಮಾವ,

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ಉತ್ತರ ಬರೆಯದೆ ಇದ್ದುದಕ್ಕೆ ಸುಸ್ತು ಬಿಟ್ಟು ಬೇರೆ ಕಾರಣವಿಲ್ಲ. ನಮ್ಮ ಮೆಂಟೆನೆನ್ಸ್ ಸೆಕ್ಷನ್ನಿನಲ್ಲಿ ಮೂವರಿದ್ದವರು ಇಬ್ಬರಾಗಿದ್ದೇವೆ. ಪ್ಯಾಕಿಂಗ್ ಲೈನು ನಿಂತರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಮನೆಗೆ ಬಂದರೆ ಅವ್ವ ಯಾವುದನ್ನೋ ಬೀಳಿಸಿಕೊಂಡು ಕೂತಿರುತ್ತಾಳೆ. ವಯಸ್ಸಾಯಿತು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮೊದಲ ಗಾಡಿ ಬ್ಯಾಟರಿಯದ್ದನ್ನೇ ತೆಗೆದುಕೊಳ್ಳಿ. ಚಾರ್ಜ್ ಹಾಕಿದರೆ ಓಡುತ್ತದೆ, ಆಮೇಲೆ ಒರೆಸಿ ಎತ್ತಿಡುವುದು. ಎಣ್ಣೆ ಗಾಡಿ ಹಾಗಲ್ಲ. ಬೆಳಗಿನ ತಂಪಿಗೆ ಹದವಾಗಿದ್ದ ಕಾರ್ಬ್ಯುರೇಟರ್ ಮಧ್ಯಾಹ್ನದ ಬಿಸಿಲಿಗೆ ಕೈಕೊಡುತ್ತದೆ. ಹತ್ತು ನಿಮಿಷ ಓಡಿಸಿದರೆ ಒಂದು ಗಂಟೆ ತೊಳೆಯಬೇಕು. ಎಣ್ಣೆ ಬೆಂಗಳೂರಿನಿಂದ ತರಿಸಬೇಕು, ಅದೂ ಸಿಕ್ಕಾಗ. ದಿನವಿಡೀ ಬಸ್ಸು ಓಡಿಸಿ ಬಂದವರಿಗೆ ಇದೆಲ್ಲ ಆಗುವ ಕೆಲಸವಲ್ಲ.

ನನ್ನ ಗಾಡಿ ಏನಾಯಿತು ಎಂದು ನೀವು ಕೇಳಿಲ್ಲ. ಕೇಳದೆ ಇದ್ದದ್ದು ಒಳ್ಳೆಯದೇ. ನನಗೀಗ ಅದಕ್ಕೆಲ್ಲ ಸಮಯವಿಲ್ಲ.

ಅತ್ತೆಗೆ ಹೇಳುವುದಿಲ್ಲ, ಚಿಂತೆ ಬೇಡ.

ಕವನ


ಟಿ. ನರಸೀಪುರ
2 ಸೆಪ್ಟೆಂಬರ್ 2024

ಕವನ,

ನೀನು ಹೇಳಿದ್ದೆಲ್ಲ ನ್ಯಾಯವೇ. ಆದರೂ ನನಗೆ ಎಣ್ಣೆ ಗಾಡಿಯೇ ಬೇಕು ಕಣವ್ವ. ತೊಳೆಯುವುದು ಬಳಿಯುವುದು ನನಗೆ ಹೊಸದಲ್ಲ. ನಿಮ್ಮಪ್ಪ ಬದನವಾಳಿನ ಮನೆಯಲ್ಲಿ ಆ ಹಳೆಯ ಟೂ-ಸ್ಟ್ರೋಕ್ ಬೈಕು ಬಿಚ್ಚಿ ಚಾಪೆಯ ಮೇಲೆ ಹರಡಿಕೊಂಡು ಕೂತಾಗ, ಪಕ್ಕದಲ್ಲಿ ಸ್ಪ್ಯಾನರ್ ಕೊಡುತ್ತಿದ್ದವನು ನಾನೇ.

ಕೆಲವು ವಿಷಯ ತಿಳಿಯಬೇಕು. ಟ್ರ್ಯಾಕಿನ ಆ ತುದಿಯಲ್ಲಿ ಗಾಡಿ ಇದ್ದಾಗಲೂ ಅದರ ಸದ್ದು ಓಡಿಸುವವನಿಗೆ ಸರಿಯಾಗಿ ಕೇಳುತ್ತದೆಯೇ? ಒಂದು ಇಂಜಿನ್ನಿನ ಸದ್ದಿಗೂ ಇನ್ನೊಂದರ ಸದ್ದಿಗೂ ವ್ಯತ್ಯಾಸ ಗೊತ್ತಾಗುತ್ತದೆಯೇ? ಒಂದು ಸಲಕ್ಕೆ ಎಷ್ಟು ಗಾಡಿ ಬಿಡುತ್ತಾರೆ? ಓಡಿಸುವವರು ನಿಲ್ಲುವ ಅಟ್ಟಣೆ ಟ್ರ್ಯಾಕಿನಿಂದ ಎಷ್ಟು ದೂರ? ಮೇಲಿನ ಚಿಪ್ಪು ಹಳದಿ ಬಣ್ಣದ್ದು ಸಿಗುತ್ತದೆಯೇ, ಕಣ್ಣಿಗೆ ಹೊಡೆಯುವಂಥ ಹಳದಿ?

ಭಾವ ಎಣ್ಣೆಯ ಬಾಟಲಿ ಹಿಡಿದು ಟ್ರ್ಯಾಕಿನ ಪಕ್ಕ ಬಗ್ಗಿ ನಿಲ್ಲುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಾಡಿ ಒಳಗೆ ಬಂದರೆ ಮೂರೇ ಸೆಕೆಂಡಿನಲ್ಲಿ ತುಂಬಿ ಬಿಡುತ್ತಿದ್ದ. ಎಂಥ ಕೈ ಅದು!

ಬೇಗ ಬರಿ. ತಡ ಮಾಡಬೇಡ.

ಸಿದ್ದರಾಜು


ನಂಜನಗೂಡು
6 ಅಕ್ಟೋಬರ್ 2024

ಮಾವ,

ಕೃಷ್ಣ ಮೂರು ಸಲ ಕೇಳಿದರು, ಕಾಗದ ಇದೆಯಾ ಎಂದು. ಕೊನೆಗೆ ನಾಚಿಕೆಯಾಗಿ ಬರೆಯುತ್ತಿದ್ದೇನೆ.

ಎಣ್ಣೆಯದ್ದೇ ಆಗಬೇಕೆಂದರೆ ಹೀಗೆ ಮಾಡಿ. ಸಣ್ಣ ಅಳತೆಯ ಗಾಡಿ ಅಗ್ಗಕ್ಕೆ ಸಿಗುತ್ತದೆ ಎಂದು ತೆಗೆದುಕೊಳ್ಳಬೇಡಿ, ನಮ್ಮ ಟ್ರ್ಯಾಕಿನ ಗುಂಡಿಗಳಿಗೆ ಅದು ಹಾರಿ ಬೀಳುತ್ತದೆ. ನಿಜವಾದ ಕಾರಿನ ಎಂಟನೇ ಒಂದು ಭಾಗ ಇರುವುದೇ ರೇಸಿನ ಅಳತೆ. ಬಿಡಿ ಭಾಗ ತಂದು ಕೂರಿಸುವುದು ಮೊದಲನೇ ಸಲಕ್ಕೆ ಬೇಡ, ಪೂರ್ತಿ ಜೋಡಿಸಿದ್ದನ್ನೇ ಕೊಳ್ಳಿ. ಯಾವ ಕಂಪನಿ ಎನ್ನುವುದಕ್ಕಿಂತ, ಮೈಸೂರಿನಲ್ಲಿ ಹೆಚ್ಚು ಜನ ಯಾವುದನ್ನು ಓಡಿಸುತ್ತಾರೋ ಅದು. ರೇಸಿನ ದಿನ ಗಾಡಿಯ ಚಕ್ರ ಹಿಡಿಯುವ ತೋಳು ಮುರಿದರೆ ಅಂಥದ್ದೇ ಪಕ್ಕದವನ ಪೆಟ್ಟಿಗೆಯಲ್ಲಿ ಸಿಗಬೇಕು. ಸಿಗ್ನಲ್ ತಪ್ಪಿದರೆ ತಾನೇ ಬ್ರೇಕು ಹಿಡಿಯುವ ವ್ಯವಸ್ಥೆ ಇದೆಯೇ ಎಂದು ಖಂಡಿತ ನೋಡಿ. ಅದಿಲ್ಲದಿದ್ದರೆ ನಾಲ್ಕು ಕೆಜಿ ತೂಕದ ಗಾಡಿ ಯಾರ ಮೊಣಕಾಲಿಗೆ ಹೋಗಿ ಹೊಡೆಯುತ್ತದೆಯೋ ಹೇಳಲಾಗದು. ಬಳಸಿದ ಗಾಡಿ ಮಾರುವವರೆಲ್ಲ 'ಎರಡೇ ಟ್ಯಾಂಕ್ ಓಡಿಸಿದ್ದೀನಿ' ಎನ್ನುತ್ತಾರೆ. ನಂಬಬೇಡಿ.

ಒಂದು ಸಲಕ್ಕೆ ಏಳೆಂಟು ಗಾಡಿ ಓಡುತ್ತವೆ. ಸದ್ದಿನ ಬಗ್ಗೆ ಯಾಕೆ ಅಷ್ಟು ಕೇಳುತ್ತೀರೋ ತಿಳಿಯಲಿಲ್ಲ. ಬಣ್ಣ ಎಲ್ಲಕ್ಕಿಂತ ಕೊನೆಯ ಮಾತು. ಅಂಗಡಿಗೆ ಹೋಗಿ ಮೊದಲು ಬಣ್ಣ ಕೇಳುವವರು ಮಕ್ಕಳು.

ಇನ್ನೊಂದು. ಅಪ್ಪನ ಮಾತು ಕಾಗದದಲ್ಲಿ ಬೇಡ.

ಕವನ


ಟಿ. ನರಸೀಪುರ
14 ಅಕ್ಟೋಬರ್ 2024

ಕವನ,

ಭಾವನ ಮಾತು ಎತ್ತಿದ್ದು ತಪ್ಪಾಯಿತು. ಇನ್ನು ಎತ್ತುವುದಿಲ್ಲ.

ಗಾಡಿ ಬಂತು! ಬೈಯಬೇಡ, ಬಳಸಿದ್ದೇ. ಮೈಸೂರಿನಲ್ಲಿ ಮದನ್ ಅಂತ ಒಬ್ಬ, ಮದುವೆಯಾದ ಮೇಲೆ ರೇಸು ಬಿಟ್ಟನಂತೆ. ಅವನೂ ಎರಡೇ ಟ್ಯಾಂಕ್ ಎಂದ. ನಾನು ಮಾತಾಡದೆ ಇಂಜಿನ್ನಿನ ಕೆಳಗಿನ ಚಕ್ರವನ್ನು ಹೆಬ್ಬೆರಳಿನಲ್ಲಿ ತಿರುಗಿಸಿದೆ. ಪಿಸ್ಟನ್ ಮೇಲಕ್ಕೆ ಬಂದಾಗ ಇರಬೇಕಾದ ಬಿಗಿ ಸ್ವಲ್ಪ ಸಡಿಲವಿತ್ತು. 'ಇಪ್ಪತ್ತು ಟ್ಯಾಂಕಾದ್ರೂ ಆಗ್ಯದೆ ಕಣಪ್ಪ' ಎಂದೆ. ಅವನು ನಕ್ಕು, 'ಸಾ, ನೀವು ಮೆಕ್ಯಾನಿಕ್ಕಾ?' ಎಂದ. ಡ್ರೈವರ್ ಎಂದೆ. ನೀನು ಹೇಳಿದ ಅಳತೆ, ತಾನೇ ಬ್ರೇಕು ಹಿಡಿಯುವುದು, ಎಲ್ಲ ಇದೆ. ಚಿಪ್ಪಿಗೆ ನಾನೇ ಹಳದಿ ಬಳಿದೆ.

ಡಿಪೊದಲ್ಲಿ ಹಳೆಯ ಟೈರುಗಳ ಹಿಂದೆ ಇಟ್ಟಿದ್ದೇನೆ. ಊಟದ ಹೊತ್ತಿಗೆ ಹಿಂದಿನ ಬಯಲಿನಲ್ಲಿ ಓಡಿಸುತ್ತೇನೆ. ನನ್ನಿಂದ ದೂರ ಹೋಗುವಾಗ ಸರಿಯಾಗಿಯೇ ಹೋಗುತ್ತದೆ. ತಿರುಗಿ ನನ್ನ ಕಡೆ ಬರುವಾಗ ಎಡ ಬಲ ಅದಲುಬದಲಾಗಿ ತಲೆ ಕೆಡುತ್ತದೆ. ಇಪ್ಪತ್ನಾಲ್ಕು ವರ್ಷ ಸ್ಟೇರಿಂಗ್ ಹಿಡಿದವನು, ನಿನ್ನೆ ನನ್ನ ಕಾಲಿಗೇ ಗುದ್ದಿಸಿಕೊಂಡೆ.

ಒಂದು ತೊಂದರೆ. ಸ್ಟಾರ್ಟ್ ಆಗುತ್ತದೆ, ಪ್ಲಗ್ಗಿನ ಮೇಲಿಂದ ಬಿಸಿ ಮಾಡುವ ಕಡ್ಡಿಯನ್ನು ತೆಗೆದ ಕೂಡಲೇ ಸಾಯುತ್ತದೆ. ಏನು ಮಾಡಲಿ?

ಜನವರಿ ಹತ್ತೊಂಬತ್ತಕ್ಕೆ ಮೈಸೂರಿನಲ್ಲಿ ರೇಸಂತೆ. ಹೆಸರು ಬರೆಸಿದ್ದೇನೆ.

ಸಿದ್ದರಾಜು


ನಂಜನಗೂಡು
20 ಅಕ್ಟೋಬರ್ 2024

ಮಾವ,

ಪ್ಲಗ್ ಬದಲಿಸಿ. ಆಗಲೂ ಸತ್ತರೆ ಎಣ್ಣೆ ಹೆಚ್ಚಾಗಿ ಹೋಗುತ್ತಿದೆ ಎಂದರ್ಥ, ಕಾರ್ಬ್ಯುರೇಟರಿನ ದೊಡ್ಡ ಸೂಜಿಯನ್ನು ಒಂದು ಸುತ್ತಿನ ಎಂಟನೇ ಒಂದು ಭಾಗ ಮುಚ್ಚಿ. ಓಡುವಾಗ ಹಿಂದೆ ತೆಳ್ಳಗೆ ನೀಲಿ ಹೊಗೆ ಕಾಣುತ್ತಿರಬೇಕು.

ಇನ್ನು ನಾನು ಕೇಳಬೇಕಾದದ್ದು. ಬಸ್ ಡ್ರೈವರಿಗೆ ಟೈರುಗಳ ಹಿಂದೆ ಏನು ಕೆಲಸ ಎಂದು ನಿಮ್ಮ ಕಾಗದ ಓದಿ ಅನ್ನಿಸಿತು. ಕೃಷ್ಣರನ್ನು ಕೇಳಿದೆ, 'ಮಾವನಿಗೆ ಈಗ ಯಾವ ಬಸ್ಸು?' ಎಂದು. ಅವರು ಟಿಕೆಟ್ ಮೆಷಿನ್ ಒರೆಸುತ್ತಿದ್ದವರು ಹಾಗೇ ನಿಂತರು. 'ಸಿದ್ದಣ್ಣ ಗಾಡಿ ಎತ್ತಲ್ವಲ್ಲಕ್ಕ. ಯುಗಾದಿ ಆದಾಗ್ಲಿಂದ ಟೈರ್ ಸೆಕ್ಸನ್ನಲ್ಲವ್ರೆ. ನಿಮಗ್ಗೊತ್ತಿಲ್ವಾ?' ಎಂದರು. ಆಮೇಲೆ, 'ಕಣ್ಣಿನ ತೊಂದ್ರೆ ಅಂತ. ನಾನ್ ಯೋಳ್ದೆ ಅನ್ಬೇಡಿ' ಎಂದು ಬಸ್ಸು ಹತ್ತಿಬಿಟ್ಟರು.

ಮುಡುಕುತೊರೆ ರೂಟು, ಅದೇ ಧೂಳು ಎಂದು ಬರೆದಿದ್ದಿರಿ. ನಾನು ಇಲ್ಲಿ ಕೂತು ಪಾಪ, ಮಾವನಿಗೆ ಎಷ್ಟು ಸುಸ್ತಾಗಿರುತ್ತದೆ ಎಂದುಕೊಳ್ಳುತ್ತಿದ್ದೆ.

ಕಣ್ಣಿಗೆ ಏನಾಗಿದೆ? ಅತ್ತೆಗೆ ಗೊತ್ತಿದೆಯೇ?

ಕವನ


ಟಿ. ನರಸೀಪುರ
17 ನವೆಂಬರ್ 2024

ಕವನ,

ನಾಲ್ಕು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಮಾರ್ಚಿನಲ್ಲಿ ಮುಡುಕುತೊರೆ ದಾಟಿ ಬರುತ್ತಿದ್ದೆ. ಆಗ ಕೃಷ್ಣನೇ ನನ್ನ ಕಂಡಕ್ಟರು. ತಿರುವಿನಲ್ಲಿ 'ಅಣ್ಣಾ, ನಿಲ್ಸು! ಎಡಕ್ಕವ್ಳೆ!' ಎಂದು ಕಿರುಚಿದ. ನಾನು ಬ್ರೇಕು ಒತ್ತಿದೆ. ಯಾರೂ ಕಾಣಲಿಲ್ಲ. ಇಳಿದು ನೋಡಿದರೆ ಒಬ್ಬ ಹೆಂಗಸು ರಸ್ತೆಯಂಚಿನಲ್ಲಿ ಕುಸಿದು ಕೂತಿದ್ದಾಳೆ, ಅವಳ ರೇಷ್ಮೆ ಸೊಪ್ಪಿನ ಹೊರೆ ಮುಂದಿನ ಚಕ್ರದ ಕೆಳಗಿದೆ. ಮೈಗೆ ಏನೂ ಆಗಿರಲಿಲ್ಲ. ಹಾಡುಹಗಲು, ನೇರ ಬಿಸಿಲು. ಆ ಹೆಂಗಸು ನನಗೆ ಕಂಡಿರಲೇ ಇಲ್ಲ ಕವನ.

ಮಾರನೆಯ ದಿನ ನಾನೇ ಹೋಗಿ ಕಣ್ಣು ತೋರಿಸಿದೆ. ಗ್ಲಾಕೋಮಾ ಎಂದರು. ಕಣ್ಣಿನೊಳಗೆ ಒತ್ತಡ ಜಾಸ್ತಿಯಾಗಿ ಅಂಚಿನ ನೋಟವೆಲ್ಲ ಹೋಗಿದೆ. ಕೊಳವೆಯೊಳಗಿಂದ ನೋಡಿದ ಹಾಗೆ, ಎದುರಿನದು ಮಾತ್ರ ಕಾಣುತ್ತದೆ. ಅದಕ್ಕೇ ಕಾಗದ ಓದುತ್ತೇನೆ, ಬರೆಯುತ್ತೇನೆ, ಪಕ್ಕದಲ್ಲಿ ನಿಂತವನು ಕಾಣುವುದಿಲ್ಲ. ಹೋದದ್ದು ಬರುವುದಿಲ್ಲವಂತೆ. ಡ್ರಾಪ್ಸ್ ಹಾಕಿದರೆ ಉಳಿದದ್ದು ಇನ್ನಷ್ಟು ದಿನ ಉಳಿಯುತ್ತದೆ. ಡಿಪೊದಲ್ಲಿ ಹೇಳಿದೆ, ಟೈರ್ ಸೆಕ್ಷನ್ನಿಗೆ ಹಾಕಿದರು. ಕೆಲಸ ಉಳಿಯಿತು. ಮನೆಯಲ್ಲಿ ಹೇಳಿಲ್ಲ. ದಿನಾ ಖಾಕಿ ಹಾಕಿಕೊಂಡು ಹೊರಡುತ್ತೇನೆ.

ಯಾವತ್ತಾದರೂ ಸ್ಟೇರಿಂಗ್ ಬಿಡಲೇಬೇಕು, ಗೊತ್ತು. ಆದರೆ ಹೀಗೆ, ಒಬ್ಬಳ ಸೊಪ್ಪಿನ ಹೊರೆಯ ಮೇಲೆ ನಿಲ್ಲಿಸಿ ಬಿಡುವುದು ಹೇಗೆ? ಯಾರನ್ನೂ ಕೊಲ್ಲದಂಥ ಒಂದು ಗಾಡಿಯನ್ನು ಒಂದು ಸಲ ಸರಿಯಾಗಿ ಓಡಿಸಿ ಮುಗಿಸಬೇಕೆನಿಸಿತು. ಬ್ಯಾಟರಿ ಗಾಡಿ ಕಣ್ಣು ತಪ್ಪಿದರೆ ತಪ್ಪಿದಂತೆಯೇ. ಎಣ್ಣೆಯದ್ದಾದರೆ ಕಿವಿಯಿಂದಾದರೂ ಹುಡುಕಿಕೊಳ್ಳಬಹುದು. ನೀನು ಮಕ್ಕಳ ಹಾಗೆ ಬಣ್ಣ ಕೇಳುತ್ತೀರಿ ಎಂದೆಯಲ್ಲ, ಅದೂ ಇದಕ್ಕೇ.

ಇನ್ನೊಂದು ಮಾತಿದೆ, ಅದನ್ನು ಬರೆಯುವುದಕ್ಕೇ ನಾಲ್ಕು ಹಾಳೆ ಹರಿದದ್ದು. ಇದು ರಕ್ತದಲ್ಲಿ ಬರುವ ಕಾಯಿಲೆ, ಒಡಹುಟ್ಟಿದವರು ತೋರಿಸಿಕೊಳ್ಳಲೇಬೇಕು ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಅಕ್ಕನಿಗೆ ಹೇಳಿದರೆ ನನ್ನದೂ ಹೇಳಬೇಕಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಎಂಟು ತಿಂಗಳಾಯಿತು. ಅವಳನ್ನು ಕರೆದುಕೊಂಡು ಹೋಗು.

ರೇಸಿನ ದಿನ ಎಣ್ಣೆ ತುಂಬುವುದಕ್ಕೆ ಒಬ್ಬರು ಜೊತೆಗಿರಬೇಕಂತೆ. ನನಗೆ ನಿನ್ನನ್ನು ಬಿಟ್ಟು ಯಾರೂ ಗೊತ್ತಿಲ್ಲ. ಕೇಳುವ ಮುಖವೂ ಈಗ ನನಗಿಲ್ಲ.

ಸಿದ್ದರಾಜು


ನಂಜನಗೂಡು
1 ಡಿಸೆಂಬರ್ 2024

ಮಾವ,

ಅವ್ವನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವಳಿಗೂ ಇದೆ. ಬಲಗಣ್ಣಿನ ಅಂಚು ಹೋಗಿದೆ, ಎಡಗಣ್ಣಿನಲ್ಲಿ ಈಗ ಶುರುವಾಗಿದೆ. 'ಆರು ತಿಂಗಳ ಹಿಂದೆ ಬಂದಿದ್ದರೆ ಚೆನ್ನಾಗಿತ್ತು' ಎಂದರು ಡಾಕ್ಟರು. ಅವರಿಗೆ ಅದು ದಿನಾ ಹೇಳುವ ಮಾತು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದೆ. ಆರು ತಿಂಗಳ ಹಿಂದೆ ನಿಮಗೆ ಗೊತ್ತಿತ್ತು.

ನಿಮ್ಮನ್ನು ಪೂರ್ತಿ ಬೈಯೋಣವೆಂದರೆ ಅದೂ ಆಗುತ್ತಿಲ್ಲ. ಅವ್ವ ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದಳು, ಪಕ್ಕದಲ್ಲಿಟ್ಟ ಲೋಟ ಬೀಳಿಸುತ್ತಿದ್ದಳು. ಒಂದೇ ಮನೆಯಲ್ಲಿದ್ದು ನಾನು ಏನು ನೋಡುತ್ತಿದ್ದೆ? ವಯಸ್ಸಾಯಿತು ಎಂದು ನಿಮಗೇ ಬರೆದಿದ್ದೆ.

ಅವ್ವ ಮಾತ್ರ, 'ಅವನೊಬ್ನೇ ಎಂಟ್ ತಿಂಗ್ಳು ಇದ್ನ ಒಟ್ಟೇಲಿಟ್ಕೊಂಡಿದ್ನಾ, ಪಾಪ' ಎಂದಳು. ಅವಳಿಗೆ ಕೋಪ ಬರುವುದೇ ಇಲ್ಲ. ನನಗೆ ಬರುತ್ತದೆ.

ನೀವು ಎಲ್ಲ ಬರೆದಿದ್ದೀರಿ, ನಾನೂ ಬರೆಯುತ್ತೇನೆ. ಸಮಯವಿಲ್ಲದೆ ನಾನು ರೇಸು ಬಿಟ್ಟದ್ದಲ್ಲ. ಎರಡು ವರ್ಷದ ಹಿಂದೆ ಆ ಕೊನೆಯ ರೇಸಿನಲ್ಲಿ ನಾನು ಮೂರನೆಯ ಸ್ಥಾನದಲ್ಲಿದ್ದೆ. ಎಣ್ಣೆಗೆ ಗಾಡಿಯನ್ನು ಒಳಗೆ ತಂದೆ. ಅಪ್ಪನ ಕೈ ತಡವರಿಸಿತು, ಮುಚ್ಚಳ ತೆಗೆಯಲು ಆಗಲಿಲ್ಲ, ಅರ್ಧ ಎಣ್ಣೆ ಹೊರಗೆ ಚೆಲ್ಲಿತು. ನಾನು ಅಟ್ಟಣೆಯ ಮೇಲಿಂದ ಎಲ್ಲರಿಗೂ ಕೇಳುವ ಹಾಗೆ ಕಿರುಚಿದೆ, 'ಏನ್ ಮಾಡ್ತಿದ್ದೀಯಪ್ಪ, ಬೆರಳಿಲ್ವಾ ನಿಂಗೆ!' ಎಂದು. ಅವರು ತಲೆ ಎತ್ತಿ ನಕ್ಕರು. ಬೆಳಗಿನಿಂದ ಎಡಗೈ ನೋವು ಎಂದು ಅವ್ವನ ಹತ್ತಿರ ಹೇಳಿದ್ದರಂತೆ, ನನ್ನ ರೇಸು ಕೆಡುತ್ತದೆ ಎಂದು ನನಗೆ ಹೇಳಿರಲಿಲ್ಲ. ಮೂರನೆಯ ದಿನ ಹಾರ್ಟ್ ಅಟ್ಯಾಕಿನಲ್ಲಿ ಹೋದರು. ಆ ಮೂರು ದಿನವೂ ನಾನು ಅವರ ಜೊತೆ ಮುಖ ಕೊಟ್ಟು ಮಾತಾಡಿರಲಿಲ್ಲ.

ಎಣ್ಣೆಯ ಬಾಟಲಿ ಹಿಡಿಯಲು ನನ್ನಿಂದ ಆಗುವುದಿಲ್ಲ ಮಾವ. ಬೇರೆ ಯಾರನ್ನಾದರೂ ನೋಡಿಕೊಳ್ಳಿ. ಆವತ್ತು ನನಗೆ ಶಿಫ್ಟೂ ಇದೆ.

ಅತ್ತೆಗೆ ಹೇಳಿ. ಇದೊಂದು ಮಾಡಿ.

ಕವನ


ಟಿ. ನರಸೀಪುರ
9 ಡಿಸೆಂಬರ್ 2024

ಕವನ,

ಅಕ್ಕನ ಕಣ್ಣಿನ ವಿಷಯ ಓದಿ ಎರಡು ದಿನ ಊಟ ಸೇರಲಿಲ್ಲ. ಕ್ಷಮಿಸು ಎಂದು ಬರೆಯುವುದು ಸುಲಭ. ಬರೆದಿದ್ದೇನೆ ಅಂದುಕೋ.

ನಿಮ್ಮಪ್ಪನ ಬಗ್ಗೆ ಒಂದೇ ಮಾತು, ಎತ್ತುವುದಿಲ್ಲ ಎಂದವನು ಎತ್ತುತ್ತಿದ್ದೇನೆ. ಆ ರೇಸಿನ ಸಂಜೆ ಭಾವ ನನಗೆ ಫೋನ್ ಮಾಡಿದ್ದ. 'ನನ್ ಮಗ್ಳು ಇವತ್ತು ಏನ್ ಬೈದ್ಲು ಗೊತ್ತೇನ್ಲಾ, ಒಳ್ಳೆ ಇನ್ಸ್‌ಪೆಕ್ಟ್ರು ಬೈದಂಗೆ!' ಎಂದು ನಗುತ್ತಿದ್ದ. ನೊಂದವನ ದನಿ ಅದಾಗಿರಲಿಲ್ಲ. ನಾನು ಸುಳ್ಳು ಹೇಳುವವನೆಂದು ನಿನಗೀಗ ಗೊತ್ತು, ಆದರೆ ಇದು ಸುಳ್ಳಲ್ಲ.

ನಿಮ್ಮತ್ತೆಗೆ ಬುಧವಾರ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ ಕೂತಿದ್ದಳು. ತಲೆಯನ್ನೇ ಎತ್ತಲಿಲ್ಲ. 'ನೀನೇನ್ ಯೋಳ್ತೀಯ ನಂಗೆ? ಯುಗಾದಿ ಆದ್ಮೇಲಿಂದ ನಿನ್ನ ಖಾಕೀಲಿ ಡೀಸಲ್ ವಾಸ್ನೆ ಇಲ್ಲ, ಬರೀ ರಬ್ಬರ್ ವಾಸ್ನೆ. ಒಗೆಯೋಳು ನಾನಲ್ವಾ?' ಎಂದಳು. 'ಮತ್ಯಾಕೆ ಕೇಳ್ನಿಲ್ಲ?' ಎಂದೆ. 'ಕೆಲ್ಸ ಓಗ್ಯದೆ ಅನ್ಕೊಂಡಿದ್ದೆ. ಯೋಳೋ ಅಷ್ಟು ಶಕ್ತಿ ಬಂದಾಗ ಯೋಳ್ಲಿ ಅಂತ ಸುಮ್ನಿದ್ದೆ' ಎಂದಳು. ಕಣ್ಣಿನ ವಿಷಯ ಕೇಳಿದ ಮೇಲೆ ಮಾತ್ರ ಸೊಪ್ಪು ಬಿಟ್ಟು ಎದ್ದು ಹಿತ್ತಲಿಗೆ ಹೋದಳು.

ಗಾಡಿಯನ್ನು ಮನೆಗೆ ತಂದಿದ್ದೇನೆ. ಎಣ್ಣೆ ತುಂಬುವವರು ಬೇಕೆಂದರೆ, 'ನಾನಿಲ್ವಾ? ಸೀಮೆಣ್ಣೆ ಸ್ಟೌಗೆ ಒಂದ್ ತೊಟ್ಟು ಚೆಲ್ದಂಗೆ ಉಯ್ದವಳು' ಎಂದಳು. ಈಗ ದಿನಾ ನೀರು ತುಂಬಿ ಅಭ್ಯಾಸ ಮಾಡುತ್ತಿದ್ದಾಳೆ.

ನಿನ್ನನ್ನು ಇನ್ನು ಕರೆಯುವುದಿಲ್ಲ.

ಸಿದ್ದರಾಜು


ಟಿ. ನರಸೀಪುರ
21 ಜನವರಿ 2025

ಕವನ,

ಡಿಸೆಂಬರಿನ ನನ್ನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಆದರೂ ರೇಸು ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಚೆನ್ನಾಗಿತ್ತು. ನಿಮ್ಮತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು, ಅಲ್ಲಿದ್ದ ಮೈಸೂರು ಹುಡುಗರೆಲ್ಲ ಅವಳನ್ನು 'ಆಂಟಿ' ಎಂದು ಕರೆದು ಕುರ್ಚಿ ಕೊಟ್ಟರು. ಅವಳು ಕೂರಲಿಲ್ಲ. ಒಟ್ಟು ಏಳು ಗಾಡಿ. ಬೆಳಿಗ್ಗೆ ಅಭ್ಯಾಸದಲ್ಲಿ ಒಂದೇ ಬಿಟ್ಟಾಗ ನನಗೆ ಎಲ್ಲವೂ ಹಿಡಿತದಲ್ಲಿತ್ತು. ರೇಸಿನಲ್ಲಿ ಏಳೂ ಒಟ್ಟಿಗೆ ಬಿಟ್ಟರೆ ಸದ್ದೆಲ್ಲ ಕಲಸಿಹೋಗುತ್ತದೆ, ಅದೊಂದು ನಾನು ಅಂದುಕೊಂಡ ಹಾಗಿರಲಿಲ್ಲ. ಆದರೂ ನಾಲ್ಕೂವರೆ ನಿಮಿಷ ಓಡಿಸಿದೆ. ಆಮೇಲೆ ಪ್ಲಗ್ ಸುಟ್ಟು ಇಂಜಿನ್ ನಿಂತುಬಿಟ್ಟಿತು. ಏನು ಮಾಡುವುದು, ಯಂತ್ರ. ಏಳರಲ್ಲಿ ಏಳನೆಯವನು. ರಿಸಲ್ಟ್ ಶೀಟಿನಲ್ಲಿ ಹೆಸರು ಬಂದಿದೆ.

ಆಸೆ ತೀರಿತು. ಮದನನೇ ವಾಪಸ್ ಕೊಳ್ಳುತ್ತೇನೆ ಎಂದಿದ್ದಾನೆ. ಕೊಟ್ಟುಬಿಡುತ್ತೇನೆ.

ಅಕ್ಕ ಡ್ರಾಪ್ಸ್ ತಪ್ಪಿಸದ ಹಾಗೆ ನೋಡಿಕೋ.

ಸಿದ್ದರಾಜು


ನಂಜನಗೂಡು
23 ಜನವರಿ 2025

ಮಾವ,

ಪ್ಲಗ್ ಸುಡಲಿಲ್ಲ.

ಶಿಫ್ಟಿಗೆ ರಜೆ ಹಾಕಿ ನಾನೂ ಬಂದಿದ್ದೆ. ಹಗ್ಗದ ಆಚೆ, ನೋಡುವ ಜನರ ಮಧ್ಯೆ ನಿಂತಿದ್ದೆ. ಅಟ್ಟಣೆಯ ಮೇಲೆ ನೀವು ಎಡದಿಂದ ಮೂರನೆಯವರು. ಉಳಿದವರೆಲ್ಲ ಅಲ್ಲಾಡದೆ ನಿಂತು ಓಡಿಸುತ್ತಿದ್ದರೆ ನೀವು ಒಂದೇ ಸಮನೆ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದಿರಿ. ಅತ್ತೆ ಎಣ್ಣೆ ತುಂಬಿದ್ದನ್ನೂ ನೋಡಿದೆ. ಒಂದು ಹನಿ ಚೆಲ್ಲಲಿಲ್ಲ.

ಆಚೆ ತುದಿಯ ತಿರುವಿನಲ್ಲಿ ಮಗುಚಿದ ಗಾಡಿಯೊಂದನ್ನು ಎತ್ತಲು ಟ್ರ್ಯಾಕ್ ನೋಡಿಕೊಳ್ಳುವ ಮಾರ್ಷಲ್ ಬಗ್ಗಿದ್ದ, ಅವನ ಬೆನ್ನು ನಿಮ್ಮ ಗಾಡಿಯ ಕಡೆಗಿತ್ತು. ಅವನು ನಿಮಗೆ ಕಂಡಿರಲು ಸಾಧ್ಯವಿಲ್ಲ. ನಿಮ್ಮ ಗಾಡಿಯೂ ನಿಮಗೆ ಕಾಣುತ್ತಿರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಕಿರುಚಲು ಬಾಯಿ ತೆರೆದೆ, ದನಿ ಬರಲಿಲ್ಲ. ಅಷ್ಟರಲ್ಲಿ ನೀವೇ ಬೆರಳು ತೆಗೆದುಬಿಟ್ಟಿರಿ. ಗಾಡಿ ಅವನ ಹಿಮ್ಮಡಿಯಿಂದ ಗೇಣು ದೂರದಲ್ಲಿ ನಿಂತಿತು. ಇಂಜಿನ್ ಸಾಯಲಿಲ್ಲ ಮಾವ. ಗುರುಗುಟ್ಟುತ್ತ ನಿಂತೇ ಇತ್ತು. ಮಾರ್ಷಲ್ ಅದನ್ನು ಎತ್ತಿ ದಾರಿಗಿಟ್ಟು, 'ಓಗ್ಲಿ ಸಾ' ಎಂದು ಕೈ ಬೀಸಿದ. ನೀವು ಮತ್ತೆ ಬೆರಳು ಒತ್ತಲಿಲ್ಲ. ರೇಸು ಮುಗಿಯುವವರೆಗೂ ರಿಮೋಟನ್ನು ಎದೆಗೆ ಆನಿಸಿಕೊಂಡು ಹಾಗೇ ನಿಂತಿದ್ದಿರಿ. ಆ ಹೊತ್ತಿನಲ್ಲಿ ನಾನು ಹಗ್ಗ ದಾಟಿ ಬರಬಹುದಿತ್ತು. ಬರಲಿಲ್ಲ. ನೀವಿಬ್ಬರೂ ಗಾಡಿಯನ್ನು ಗೋಣಿಚೀಲದಲ್ಲಿ ಸುತ್ತಿ ಆಟೊ ಹತ್ತುವವರೆಗೂ ಕಾದು ಆಮೇಲೆ ಮನೆಗೆ ಬಂದೆ.

ಡಿಸೆಂಬರಿನ ಕಾಗದಕ್ಕೆ ಉತ್ತರ ಬರೆಯದೆ ಇದ್ದದ್ದು ಕೋಪದಿಂದಲ್ಲ. ಅಪ್ಪನ ಫೋನಿನ ಮಾತು ಬರೆದಿದ್ದಿರಲ್ಲ, ಅದನ್ನು ಅವ್ವನಿಗೆ ಓದಿ ಹೇಳಿದೆ. ಅವಳು ನಕ್ಕಳು, ಆಮೇಲೆ ಅತ್ತಳು. ನನಗೆ ಏನು ಬರೆಯಬೇಕೋ ತಿಳಿಯಲಿಲ್ಲ.

ಗಾಡಿಯನ್ನು ಮದನನಿಗೆ ಈಗಲೇ ಕೊಡಬೇಡಿ. ಏಳು ಗಾಡಿಯ ರೇಸು ನಿಮ್ಮಿಂದ ಆಗುವುದಿಲ್ಲ, ಅದು ಇಬ್ಬರಿಗೂ ಗೊತ್ತಾಯಿತು. ಡಿಪೊದ ಹಿಂದಿನ ಬಯಲಿನಲ್ಲಿ ಒಂದೇ ಗಾಡಿ ಓಡಬಹುದು. ಈ ಭಾನುವಾರ ನನಗೆ ರಜೆ. ಬೆಳಗಿನ ಬಸ್ಸಿಗೆ ಅವ್ವನನ್ನೂ ಕರೆದುಕೊಂಡು ಬರುತ್ತೇನೆ, ತಮ್ಮನ ಕಿವಿ ಹಿಂಡಬೇಕಂತೆ ಅವಳಿಗೆ. ಅತ್ತೆಗೆ ಅಡುಗೆ ಜಾಸ್ತಿ ಮಾಡಬೇಡಿ ಎಂದು ಹೇಳಿ.

ನಾನು ಬಯಲಿನ ಆ ತುದಿಯಲ್ಲಿ ನಿಲ್ಲುತ್ತೇನೆ. ಗಾಡಿ ನಿಮಗೆ ಕಾಣದೆ ಹೋದರೆ ಎಲ್ಲಿದೆ ಎಂದು ಕೂಗಿ ಹೇಳುತ್ತೇನೆ.

ಕವನ